ಅರಮನೆಗೆ ಹೋದ ತೆಂಗಿನಕಾಯಿ ಜಗಳ

ಸನಿಯ್ಯಾ: ಚಪ್ಪಲಿ ಆಮೇಲೆ ಬಿಡು. ಮೊದಲು ಮಾತು ಕೊಡು.

ಇದ್ರೀಸ್: ದೋಣಿ ಹತ್ತಿದಾಗಿಂದ ಕೊಡ್ತಾನೇ ಇದೀನಲ್ಲೇ! ನಿಮ್ಮಜ್ಜಿ ಈ ಅರಮನೇಲಿದ್ಲು ಅಂತ ಇಲ್ಲಿಯೋರು ಒಬ್ಬರು ಹೇಳಲಿ, ಸಾಯೋ ತನಕ ಕಾಯಿ ತುರಿಯೋನು ನಾನೇ. ಹೇಳಲಿಲ್ವೋ, ನಾಳೆ ಬೆಳಗ್ಗೆಯಿಂದ ತುರಿಮಣೆ ಮೇಲೆ ನೀನು.

ಸನಿಯ್ಯಾ: ಅಜ್ಜಿ ಅಲ್ಲ, ಅಜ್ಜಿಯ ಅಜ್ಜಿ. ದೋನ್ ಮರಿಯಂಬು. ಹೆಸರು ಬಂದಾಗ ಸ್ವಲ್ಪ ತಲೆ ಬಗ್ಗಿಸು.

ಹೋರಫುಶಿ ದ್ವೀಪದ ಮೀನುಗಾರ ಇದ್ರೀಸನಿಗೆ ಮದುವೆಯಾದಾಗಿನಿಂದ ಇದೇ ಗೋಳು. ಬೆಳಗಾದರೆ ರೊಟ್ಟಿಗೆ ಮೀನು, ಕಾಯಿತುರಿ ಕಲಸಬೇಕು. ಕಾಯಿ ತುರಿಯುವವನು ಅವನೇ. ಸುಲ್ತಾನರ ಮನೆಯ ರಕ್ತ ತುರಿಮಣೆಯ ಮೇಲೆ ಕೂರುವುದಿಲ್ಲವೆಂದು ಹೆಂಡತಿ ಉಯ್ಯಾಲೆ ಮಂಚದಲ್ಲಿ ತೂಗಿಕೊಳ್ಳುತ್ತ ಕೂತಿರುತ್ತಿದ್ದಳು. ಇದೇ ಜಗಳಕ್ಕೆ ಎರಡು ಸಲ ತಲಾಖ್ ಆಗಿತ್ತು. ಎರಡು ಸಲವೂ ಬಿಟ್ಟಿರಲಾರದೆ ಮತ್ತೆ ನಿಕಾಹ್ ಮಾಡಿಕೊಂಡಿದ್ದರು. ಮೂರನೆಯ ಸಲವಾದರೆ ಹಾಗೆ ಮರಳುವಂತಿಲ್ಲ. ನಡುವೆ ಅವಳು ಇನ್ನೊಬ್ಬನ ಹೆಂಡತಿಯಾಗಿ ಬರಬೇಕು. ಊರಿನ ಒಂಟಿ ದರ್ಜಿ ಆಗಲೇ ತನಗೊಂದು ಹೊಸ ಅಂಗಿ ಹೊಲಿದುಕೊಂಡಿದ್ದಾನೆಂದು ಸುದ್ದಿ. ಅದು ಕಿವಿಗೆ ಬಿದ್ದ ದಿನದಿಂದ ಇದ್ರೀಸನಿಗೆ ಸರಿಯಾಗಿ ನಿದ್ದೆಯಿಲ್ಲ. ಈ ಜಗಳ ಇವತ್ತು ಸುಲ್ತಾನರ ಹಳೆಯ ಅರಮನೆಯಿರುವ ಉತೀಮು ದ್ವೀಪದಲ್ಲೇ ಮುಗಿಯಬೇಕೆಂದು ಹೆಂಡತಿಯನ್ನು ದೋಣಿ ಹತ್ತಿಸಿ ತಂದಿದ್ದ.

ಅರಮನೆ ನೋಡಿಕೊಳ್ಳುವ ಶಫೀಗಾ ಅಂಗಳದ ಬಿಳಿ ಮರಳನ್ನು ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು. ಅಕ್ಕನಿಗೆ ದತ್ತಾ, ಅಣ್ಣನಿಗೆ ಬೇಬೆ ಎನ್ನುವುದು ಆ ದ್ವೀಪಗಳ ವಾಡಿಕೆ.

ಶಫೀಗಾ: ಬನ್ನಿ ದತ್ತಾ, ಬನ್ನಿ ಬೇಬೆ. ಬಾಗಿಲು ಗಿಡ್ಡ, ತಲೆ ಜೋಪಾನ.

ಸನಿಯ್ಯಾ: ನಮ್ಮನೆ ಬಾಗಿಲು ನಂಗೆ ಹೇಳಿಕೊಡ್ತೀಯೇನಮ್ಮ?

ಅವಳ ಹಣೆ ಬಾಗಿಲಿಗೆ ಧಡಾರ್ ಎಂದು ಬಡಿಯಿತು. ಕುಳ್ಳ ಇದ್ರೀಸ ಸಲೀಸಾಗಿ ಒಳಗೆ ಹೋಗಿ ತಿರುಗಿ ನೋಡಿದ.

ಇದ್ರೀಸ್: ಪಾಪ, ಬಾಗಿಲಿಗೆ ನಿನ್ನ ಗುರುತು ಸಿಗಲಿಲ್ಲ ಅಂತ ಕಾಣುತ್ತೆ.

ಸನಿಯ್ಯಾ: ನಮ್ಮೋರು ಯಾರಿಗೂ ತಲೆ ಬಗ್ಗಿಸಿದೋರಲ್ಲ.

ಇದ್ರೀಸ್: ಹಾಗಾದ್ರೆ ವಂಶಕ್ಕೆಲ್ಲ ಹಣೆ ಮೇಲೆ ಬುಗುಟು!

ಸನಿಯ್ಯಾ: ಅಗೋ, ಉಯ್ಯಾಲೆ ಮಂಚ! ಥೇಟ್ ನಮ್ಮನೇದೇ.

ಇದ್ರೀಸ್: ಎಲ್ಲರ ಮನೇದೂ ಥೇಟ್ ಹೀಗೇ. ಪಕ್ಕದ ಮನೆ ಮೇಕೆ ಮಧ್ಯಾಹ್ನ ಮಲಗೋದೂ ಇಂಥದ್ದರ ಮೇಲೇ.

ಸನಿಯ್ಯಾ: ನಿಂಗೇನು ಗೊತ್ತು? ಒಳಗೆ ಕಾಲಿಟ್ಟಾಗಿಂದ ತಲೆ ಜುಂ ಅಂತಿದೆ. ರಕ್ತ ಗುರುತು ಹಿಡೀತು.

ಇದ್ರೀಸ್: ಅದು ಬಾಗಿಲು ಕೊಟ್ಟಿದ್ದು. ಸರಿ, ಈ ತಂಗೀನೇ ಕೇಳೋಣ. ಏನಮ್ಮ, ಹೋರಫುಶಿಯ ದೋನ್ ಮರಿಯಂಬು ಅನ್ನೋ ಹೆಸರು ಯಾವತ್ತಾದ್ರೂ ಕೇಳಿದೀಯಾ? ಕೇಳಿಲ್ಲ ತಾನೇ?

ಶಫೀಗಾ: ಅಯ್ಯೋ, ಕೇಳದೇ ಏನು ಬೇಬೆ! ನಮ್ಮಮ್ಮ ದಿನಾ ಆಕೆ ಕಥೆ ಹೇಳೋರು. ಇಲ್ಲೇ ಇದ್ದಿದ್ದು ಆಕೆ!

ಇದ್ರೀಸನ ಮುಖ ಒಣಮೀನಾಯಿತು. ಸನಿಯ್ಯಾ ಇನ್ನೂ ಒಂದು ಗೇಣು ಎತ್ತರವಾದಳು.

ಸನಿಯ್ಯಾ: ಕೇಳಿಸ್ತಾ? ಹೇಳಮ್ಮ, ಇವನ ಎರಡೂ ಕಿವಿಗೆ ಬೀಳೋ ಹಾಗೆ ಹೇಳು. ಯಾವ ಕೋಣೆ ಆಕೇದು?

ಶಫೀಗಾ: ಕೋಣೇನಾ? ಹಿತ್ತಿಲ ಅಡುಗೆಮನೆ, ದತ್ತಾ. ಇಡೀ ಅರಮನೆಗೆ ಕಾಯಿ ತುರಿಯೋದು ಆಕೇನೇ. ಆಕೆ ತುರಿದ ಕಾಯಿ ಇಲ್ಲದೆ ದೊಡ್ಡೋರು ತುತ್ತು ಎತ್ತುತ್ತಿರಲಿಲ್ವಂತೆ.

ಇದ್ರೀಸ ತೊಡೆ ತಟ್ಟಿಕೊಂಡು ನಕ್ಕ ನಗೆಗೆ ಅಂಗಳದ ಕಾಗೆಗಳೆಲ್ಲ ಎದ್ದು ಹಾರಿದವು.

ಇದ್ರೀಸ್: ಕಾಯಿ ತುರಿಯೋಳು! ಸುಲ್ತಾನರ ರಕ್ತ ಅಂತ ನನ್ನ ಕೈ ಸವೆಸಿದೆಯಲ್ಲೇ! ತಂಗೀ, ತುರಿಮಣೆ ಎಲ್ಲಿದೆಯಮ್ಮ? ಮಹಾರಾಣಿಯವರ ಸಿಂಹಾಸನ ತೋರಿಸು!

ಶಫೀಗಾ: ಹಿತ್ತಿಲಲ್ಲೇ ಇದೆ, ಬೇಬೆ. ನಂದೇ ಇನ್ನೂ ತಿಂಡಿ ಆಗಿಲ್ಲ, ಕಾಯಿ ಒಡೆದು ಇಟ್ಟಿದೀನಿ.

ಹಿತ್ತಿಲಲ್ಲಿ, ದೀವಿಹಲಸಿನ ಮರದ ಕೆಳಗೆ, ತುರಿಮಣೆಯ ಮುಂದೆ ಸನಿಯ್ಯಾ ಕಂಬದ ಹಾಗೆ ನಿಂತಳು. ಅವಳ ಕಣ್ಣು ತುಂಬಿತ್ತು. ಇದ್ರೀಸನ ನಗು ಅರ್ಧಕ್ಕೇ ನಿಂತಿತು.

ಸನಿಯ್ಯಾ: ನಗು, ಯಾಕೆ ನಿಲ್ಲಿಸಿದೆ? ನಿಂಗೆ ಇದೇ ಬೇಕಿತ್ತಲ್ಲ. ಹೇಳಿಬಿಡು ಆ ಮೂರನೇ ಮಾತನ್ನೂ. ದರ್ಜಿ ಅಂಗಿಯಾದ್ರೂ ಉಪಯೋಗಕ್ಕೆ ಬರಲಿ.

ಇದ್ರೀಸ್: ದರ್ಜಿ ಸುದ್ದಿ ಯಾಕೆ ತೆಗೀತೀಯೇ? ಅವನ ಅಂಗಿಗೆ ಬೆಂಕಿ ಬೀಳಲಿ. ನಾನು... ಸನಿಯ್ಯಾ, ನಾನು ಹೇಳೋದು...

ಅವಳು ಕೇಳಿಸಿಕೊಳ್ಳಲಿಲ್ಲ. ಬಟ್ಟೆ ಸರಿಮಾಡಿಕೊಂಡು ತುರಿಮಣೆಯ ಮೇಲೆ ಕೂತಳು. ಹೋಳನ್ನು ಕೈಗೆ ತೆಗೆದುಕೊಂಡಳು. ಸರಸರ ಸರಸರ! ಮಣೆಯ ಹಲ್ಲಿನಡಿ ತುರಿ ಸಮುದ್ರದ ನೊರೆಯ ಹಾಗೆ ಹಗುರವಾಗಿ ಬೀಳತೊಡಗಿತು. ಕರಟದ ಒಂದು ಎಳೆಯೂ ಅದರಲ್ಲಿ ಬರಲಿಲ್ಲ.

ಶಫೀಗಾ: ಅಬ್ಬಬ್ಬಾ! ಅಮ್ಮ ಹೇಳ್ತಿದ್ದ ಕೈ ಇದೇ!

ಇದ್ರೀಸ್: ಇಷ್ಟು ವರ್ಷ ತುರಿಯೋಕೆ ಬರಲ್ಲ ಅಂದೆಯಲ್ಲೇ, ಪಾಪಿ!

ಸನಿಯ್ಯಾ: ಬರಲ್ಲ ಅಂದೆನಾ? ಕೂರೋದಿಲ್ಲ ಅಂದೆ. ನಮ್ಮಜ್ಜಿ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದು. ಯಾಕೆ ಅಷ್ಟು ಗುದ್ದಿದ್ಲು ಅಂತ ಈಗ ಗೊತ್ತಾಯ್ತು.

ಇದ್ರೀಸ ಮತ್ತೆ ಬಾಯಿ ತೆರೆದ. ಅವನು ಏನು ಹೇಳಬೇಕೆಂದಿದ್ದನೋ, ಅಷ್ಟರಲ್ಲಿ ಅವಳು ಒಂದು ಹಿಡಿ ತುರಿಯನ್ನು ಆ ಬಾಯಿಗೆ ತುರುಕಿದಳು.

ಸನಿಯ್ಯಾ: ಹೇಗಿದೆ?

ಇದ್ರೀಸ್: ಹ್ಞೂಂ... ಬೆಣ್ಣೆ. ಬೆಣ್ಣೆ ಕಣೇ! ನಾಳೆಯಿಂದ ಮನೇಲೂ...

ಸನಿಯ್ಯಾ: ಮನೇಲಿ ನೀನೇ. ಇಲ್ಲಿದ್ಲು ಅಂತ ಇಲ್ಲಿಯೋರೇ ಹೇಳಿದ್ರು, ನೀನು ಕೊಟ್ಟ ಮಾತೂ ಇದೆ. ಇದು ಸುಲ್ತಾನರಿಗೆ ತುರಿದ ಕೈ. ಸಿಕ್ಕಸಿಕ್ಕ ಮೀನುಗಾರರಿಗೆಲ್ಲ ತುರಿದ್ರೆ ಮರಿಯಂಬು ಮರ್ಯಾದೆ ಏನಾಗಬೇಕು?

ಇದ್ರೀಸ್: ಹಾಗಾದ್ರೆ ಇವತ್ತಿಂದ ನನ್ನನ್ನ ಸುಲ್ತಾನ್ ಅಂತಲೇ ಕರಿ!

ಸನಿಯ್ಯಾ: ಅದಕ್ಕೇನಂತೆ, ಕರೀತೀನಿ. ಸುಲ್ತಾನರೇ, ಬೆಳಗಾಯ್ತು, ಏಳಿ, ಕಾಯಿ ತುರೀರಿ!