ಯಹೂದಿ ಪ್ರಬಂಧವೂ ನಮ್ಮನೆ ಮುಸುರೆಯೂ

ಹೊಗಳಿಸಿಕೊಳ್ಳುವ ಚಪಲ ನನಗೆ ಹುಟ್ಟಿನಿಂದಲೇ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮದುವೆ ಮನೆಯಲ್ಲಿ ಯಾರಾದರೂ "ಸಾರು ಚೆನ್ನಾಗಿದೆ" ಎಂದರೆ, ಸೌಟನ್ನೇ ಮುಟ್ಟದ ನಾನೂ ನಾಚಿ ತಲೆ ತಗ್ಗಿಸುವವಳು. ಮ್ಯಾಂಚೆಸ್ಟರಿನ ಚಳಿಗಾದರೂ ಈ ಚಪಲ ಮುದುಡುತ್ತದೆ ಅಂದುಕೊಂಡಿದ್ದೆ. ಎಲ್ಲಿಯದು! ಹೀಟಿಂಗ್ ಹಾಕಿದ ಮನೆಯಲ್ಲಿ ಇನ್ನಷ್ಟು ಸೊಂಪಾಗಿ ಬೆಳೆಯಿತು.

ಮಗಳು ಸ್ಮಿತಾ ಡಿಗ್ರಿಯ ಎರಡನೇ ವರ್ಷದಲ್ಲಿ ಯಹೂದಿ ಅಧ್ಯಯನದ ಪ್ರಬಂಧ ಸ್ಪರ್ಧೆಗೆ ಹೆಸರು ಕೊಟ್ಟಳು. "ನಮಗೂ ಅವರಿಗೂ ಏನೇ ಸಂಬಂಧ?" ಎಂದರೆ "ಕಿಚನ್, ಅಮ್ಮ, ಕಿಚನ್!" ಅಂದಳು. ಪಕ್ಕದ ಮನೆಯ ರೂತ್ ಯಹೂದಿ ಹೆಂಗಸು. ಅವರಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ತೊಳೆಯುವ ಸಿಂಕೂ ಎರಡು. ಹತ್ತು ವರ್ಷ ಬೇಲಿಯ ಮೇಲಿಂದ ಬರೀ ಮಳೆಯ ಸುದ್ದಿ ಮಾತಾಡಿದ್ದ ನಾವಿಬ್ಬರೂ ಸ್ಮಿತಾಳ ಟೇಪ್ ರೆಕಾರ್ಡರಿನ ಮುಂದೆ ಕೂತೆವು. ನಾನು ಮುಸುರೆ ವಿವರಿಸಿದೆ: ಅನ್ನ ಮುಟ್ಟಿದ ಕೈ ತೊಳೆಯದೆ ಮೊಸರು, ಉಪ್ಪಿನಕಾಯಿ ಮುಟ್ಟುವಂತಿಲ್ಲ. "ಯಾಕೆ ಅಂತ ಕೇಳಿದರೆ ನಮ್ಮಜ್ಜಿ ಕಿವಿ ಹಿಂಡುತ್ತಿದ್ದಳು" ಎಂದೆ. "ನಮ್ಮಜ್ಜಿಯೂ!" ಎಂದು ರೂತ್ ಕಿರುಚಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ಸಂತೋಷ ನನಗೆ ಆ ಬೀದಿಯಲ್ಲಿ ಅದುವರೆಗೆ ಆಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮ್ಯಾಂಚೆಸ್ಟರಿನ ಕನ್ನಡದವರಲ್ಲಿ ಮಡಿ-ಮುಸುರೆಯ ವಿಷಯಕ್ಕೆ ನನ್ನದೇ ಕೊನೆಯ ಮಾತು. ಮಂಗಳೂರಿನ ಪದ್ಮಿನಿ ಒಮ್ಮೆ ನಮ್ಮಲ್ಲಿ ಅನ್ನದ ಕೈಯಲ್ಲೇ ಮೊಸರಿನ ಪಾತ್ರೆ ಎತ್ತಿದ್ದಕ್ಕೆ ನಾನು ಕೊಟ್ಟ ಉಪನ್ಯಾಸದ ಸುದ್ದಿ ಆಚೆಯ ಊರು ಹಡರ್ಸ್‌ಫೀಲ್ಡಿನವರೆಗೂ ತಲುಪಿತ್ತು. ಪರದೇಶದಲ್ಲಿ ನನಗಿದ್ದದ್ದು ಅದೊಂದೇ ಗದ್ದುಗೆ.

ಪ್ರಬಂಧಕ್ಕೆ ಮೊದಲ ಬಹುಮಾನ ಬಂತು! ಸಭೆಯಲ್ಲಿ ಅದನ್ನು ಓದಬೇಕಂತೆ. ಸ್ಮಿತಾ "ಅಮ್ಮ, ಪ್ಲೀಸ್, ಯಾರನ್ನೂ ಕರೀಬೇಡ" ಎಂದು ಗೋಗರೆದರೂ, ಪದ್ಮಿನಿಯೂ ಸೇರಿದಂತೆ ಎರಡು ಕಾರು ತುಂಬ ಜನರನ್ನು ಕರೆದೊಯ್ದೆ. ರೂತ್ ನನ್ನ ಪಕ್ಕದಲ್ಲೇ ಕೂತರು. ಪ್ರೊಫೆಸರರು "ಹೆಸರು ಹೇಳಬಾರದ ಇಬ್ಬರು ಗೃಹಿಣಿಯರು ಮಾಹಿತಿ ಕೊಟ್ಟಿದ್ದಾರೆ, ಅವರಿಗೆ ಕೃತಜ್ಞತೆ" ಎಂದರು. ಹೇಳಬಾರದೆಂದರೇನು, ನಾನಿಲ್ಲವೇ? ಎದ್ದು ನಿಂತೆ. ನೆರಿಗೆ ಸರಿಮಾಡಿಕೊಂಡು ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ! ರೂತ್ ನನ್ನ ಸೆರಗು ಜಗ್ಗಿದರು. ಪಾಪ, ಸಂಕೋಚದ ಹೆಂಗಸು ಅಂದುಕೊಂಡೆ.

ಸ್ಮಿತಾ ನನ್ನತ್ತ ನೋಡದೆ ಓದಿದಳು. "ನಿಯಮ ಬಿಗಿಯಾಗಿರುವುದು ಯಾರಾದರೂ ನೋಡುತ್ತಿರುವಾಗ. ಮಾಹಿತಿದಾರರು ಒಂದು: ಫ್ರಿಜ್ ತೆರೆದು ನಿಂತು, ಚಿತ್ರಾನ್ನ ತಿಂದ ಚಮಚವನ್ನೇ ಉಪ್ಪಿನಕಾಯಿ ಜಾಡಿಗೆ ಅದ್ದುತ್ತಾರೆ. ವಾರಕ್ಕೆ ಮೂರು ಸಲ. ಮಾಹಿತಿದಾರರು ಎರಡು: ತಮ್ಮಲ್ಲಿ ನಿಷಿದ್ಧವಾದ ಚೈನೀಸ್ ಊಟ ತರಿಸಿದಾಗ ತಿನ್ನಲು ಗರಾಜಿನಲ್ಲಿ ಪೇಪರ್ ತಟ್ಟೆ ಇಟ್ಟಿದ್ದಾರೆ."

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ರೂತ್ ಆ ಎರಡನೆಯವರು ಯಾರೋ ಎಂಬಂತೆ ಸೂರು ನೋಡುತ್ತಿದ್ದರು.

"ಅಮ್ಮ, ಐ ಕೆಪ್ಟ್ ಯು ಅನಾನಿಮಸ್!" ಎಂದು ಹೊರಗೆ ಸ್ಮಿತಾ ಹಣೆ ಚಚ್ಚಿಕೊಂಡಳು. ಪದ್ಮಿನಿ ಮಾತ್ರ ಬಹಳ ವಿನಯದಿಂದ, "ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬನ್ನಿ ಅಕ್ಕ. ನಿಮಗೆ ಅಂತಲೇ ಉಪ್ಪಿನಕಾಯಿ ಬೇರೆ ತೆಗೆದಿಡ್ತೇನೆ" ಅಂದಳು.

ಹೋದೆ. ನಿಜವಾಗಿಯೂ ಇಟ್ಟಿದ್ದಳು. ಜಾಡಿಯ ಮೇಲೆ "ಮಾಹಿತಿದಾರರು ಒಂದು" ಎಂದು ದುಂಡಗಿನ ಅಕ್ಷರದಲ್ಲಿ ಚೀಟಿ ಬೇರೆ. ಸಿಟ್ಟು ಬರಬೇಕಿತ್ತು. ಆದರೆ ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಬಿರುದು. ಜಾಡಿಯನ್ನು ಮನೆಗೇ ತಂದುಕೊಂಡೆ.