ಹೆಂಡತಿಯ ಸಂದರ್ಶನಕ್ಕೆ ನನ್ನ ಟೊಪಾಲಜಿ

"ಈ ಮನೆಯಲ್ಲಿ ಇನ್ನು ಮುಂದೆ ವಿಡಿಯೋ ಕಾಲ್ ಕಟ್ ಆಯ್ತು ಅನ್ನೋ ಮಾತು ಕೇಳಿಸಿದರೆ ನನ್ನ ಹೆಸರು ಬದಲಾಯಿಸಿ!" ಎಂದು ನಾನು ಹಾಲ್‌ನ ನಟ್ಟನಡುವೆ ನಿಂತು ಘೋಷಿಸಿದೆ.

ಘೋಷಣೆ ಕೇಳಲು ನೆರೆದಿದ್ದ ಜನಸಾಗರ ಎಂದರೆ ನನ್ನ ಹೆಂಡತಿ ಮತ್ತು ಅವಳ ಅಮ್ಮ. ಹೆಂಡತಿ ಯೂನಿಫಾರ್ಮ್‌ಗೆ ಇಸ್ತ್ರಿ ಹಾಕುತ್ತಿದ್ದಳು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇಬ್ಬರೂ ತಲೆ ಎತ್ತಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ವಿಷಯ ಇಷ್ಟು. ನನ್ನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಮುಖ್ಯ ನರ್ಸ್ ಹುದ್ದೆ ಖಾಲಿಯಾಗಿತ್ತು. ಆ ಕುರ್ಚಿ ಸಿಕ್ಕಿದರೆ ರಾತ್ರಿ ಪಾಳಿಗೆ ಕೈಮುಗಿದು ಬಿಡಬಹುದು. ಸಿಗದಿದ್ದರೆ, ಊರೆಲ್ಲ ಹಾಸಿಗೆ ಬಿಡಿಸುವ ಹೊತ್ತಿಗೆ ಇವಳು ಡಬ್ಬಿ ಹಿಡಿದು ಬಸ್ ಹತ್ತಬೇಕು, ನಿವೃತ್ತಿಯವರೆಗೂ! ಹಿಂದೊಮ್ಮೆ ಈ ಹುದ್ದೆ ಕೂದಲೆಳೆಯಲ್ಲಿ ಕೈತಪ್ಪಿ, ಇವಳು ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಈ ಸಲ ಸಂದರ್ಶನ ವಿಡಿಯೋದಲ್ಲಿ, ಮನೆಯಿಂದಲೇ. ಆ ಕಡೆ ಹಿರಿಯ ಡಾಕ್ಟರಮ್ಮನ ಅಧ್ಯಕ್ಷತೆಯಲ್ಲಿ ಒಂದು ಸಮಿತಿ. ಈ ಕಡೆ ನನ್ನ ಹೆಂಡತಿ. ನಡುವೆ, ಯಾರೂ ಕರೆಯದಿದ್ದರೂ, ನಾನು.

"ನಿಮಗ್ಯಾಕ್ರೀ ಇಲ್ಲದ ಉಸಾಬರಿ?" ಎಂದಳು ಹೆಂಡತಿ. "ಇರೋ ವೈಫೈ ಸಾಕು. ನಿನ್ನೆ ಅಕ್ಕನ ಹತ್ರ ಅಷ್ಟೊತ್ತು ಮಾತಾಡಿದೆ, ಒಂದು ಸಲನೂ ಕಟ್ ಆಗಲಿಲ್ಲ."

"ನಿಮ್ಮಕ್ಕನ ಫೋನು ಕಟ್ ಆಗಲ್ಲ ಕಣೇ, ಅದು ನನ್ನ ಹಣೆಬರಹ. ಆದರೆ ಸಂದರ್ಶನ ಅಂದ್ರೆ ಹುಡುಗಾಟವಾ? ಇದಕ್ಕೆ ಸರಿಯಾದ ಟೊಪಾಲಜಿ ಬೇಕು!"

"ಅಂದ್ರೆ?"

ಇದೇ ಪ್ರಶ್ನೆಗಾಗಿ ನಾನು ಕಾದಿದ್ದೆ. ನಮ್ಮ ಆಫೀಸಿನಲ್ಲಿ ಕಳೆದ ತಿಂಗಳು ವಿಡಿಯೋ ಕಾನ್ಫರೆನ್ಸ್ ವ್ಯವಸ್ಥೆ ಹಾಕಿದರು. ಹಾಕಲು ಬಂದ ಎಂಜಿನಿಯರ್ ಏಣಿ ಹತ್ತಿ ನಿಂತು, ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ತಂತಿ ಹೋಗಬೇಕು ಅನ್ನುವ ನಕ್ಷೆಗೇ ಟೊಪಾಲಜಿ ಎನ್ನುತ್ತಾರೆ, ಅದರಲ್ಲಿ ನಕ್ಷತ್ರ, ಉಂಗುರ, ಬಲೆ ಅಂತೆಲ್ಲ ಬಗೆಗಳಿವೆ ಎಂದು ವಿವರಿಸುತ್ತಿದ್ದ. ಅಷ್ಟೂ ಹೊತ್ತು ಕೆಳಗೆ ಏಣಿ ಹಿಡಿದುಕೊಂಡಿದ್ದವನು ನಾನು. ವಿದ್ಯೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ತಾನೇ! ಅದನ್ನೇ ನಾಲ್ಕು ಉಪ್ಪುಖಾರ ಸೇರಿಸಿ ಇವಳಿಗೆ ಹೇಳಿದೆ.

"ನೋಡ್ರೀ, ಟೊಪಾಲಜಿ ಅಂತ ಹೇಳಿ ನನಗೆ ಟೋಪಿ ಹಾಕಬೇಡಿ," ಎಂದು ಇಸ್ತ್ರಿಪೆಟ್ಟಿಗೆಯನ್ನು ನನ್ನ ದಿಕ್ಕಿಗೇ ತಿರುಗಿಸಿದಳು. "ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ."

ಮುಟ್ಟಬೇಡಿ ಅಂದ ಮೇಲೆ ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ. ಮರುದಿನವೇ ಎರಡು ಸ್ವಿಚ್ ಪೆಟ್ಟಿಗೆ ತಂದೆ. ಸ್ವಿಚ್ ಅಂದರೆ ದೀಪದ್ದಲ್ಲ. ಒಂದು ಇಂಟರ್ನೆಟ್ ತಂತಿಯನ್ನು ಹಲವು ತಂತಿಯಾಗಿ ಹಂಚುವ ಪುಟ್ಟ ಡಬ್ಬ. ಒಂದು ಹಾಲ್‌ನಲ್ಲಿ, ಇನ್ನೊಂದು ಮಲಗುವ ಕೋಣೆಯಲ್ಲಿ. ನಡುವೆ ಗೋಡೆಗುಂಟ ಒಂದು ನೀಲಿ ತಂತಿ. ಹೆಂಡತಿ ಡ್ಯೂಟಿಯಿಂದ ಬರುವಷ್ಟರಲ್ಲಿ ಮನೆ ಟೆಲಿಫೋನ್ ಎಕ್ಸ್‌ಚೇಂಜ್ ಆಗಿತ್ತು. ಅವಳು ತಂತಿಯನ್ನು ದಾಟಿ ಅಡುಗೆಮನೆಗೆ ಹೋದಳು, ದಾಟಿ ಬಂದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಅದನ್ನು ಮೆಚ್ಚುಗೆ ಎಂದು ತಿಳಿದುಕೊಳ್ಳುವ ಕಲೆ ಮದುವೆಯಾದಾಗಿನಿಂದ ನನಗೆ ಸಿದ್ಧಿಸಿದೆ.

ಪರೀಕ್ಷೆ ಮಾಡಿದೆ. ಚಿತ್ರ ಕನ್ನಡಿಯಷ್ಟು ಸ್ಪಷ್ಟ. ದನಿ ಗಂಟೆ ಹೊಡೆದಂತೆ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು.

ಆದರೆ ನನ್ನದು ಬೀಗ ಹಾಕಿ ಎರಡು ಸಲ ಎಳೆದು ನೋಡುವ ಸ್ವಭಾವ. ಬೇಗ ಏಳಬೇಕಾದರೆ ಎರಡು ಅಲಾರಾಂ ಇಟ್ಟು, ಎರಡನ್ನೂ ಆರಿಸಿ ಮಲಗುವವನು ನಾನು. ಸಂದರ್ಶನದ ಬೆಳಗ್ಗೆ ಯೋಚನೆ ಹತ್ತಿತು. ಲ್ಯಾಪ್‌ಟಾಪ್ ಕೈಕೊಟ್ಟರೆ? ಅದಕ್ಕೇ ಅವಳ ಸಂದರ್ಶನದ ಲಿಂಕನ್ನು, ಅವಳ ಹೆಸರಿನಲ್ಲೇ, ಹಾಲ್‌ನ ಕ್ಯಾಮೆರಾ ಇರುವ ಟಿವಿಗೆ ಹಾಕಿದೆ. ಮಲಗುವ ಕೋಣೆಯಲ್ಲಿ ನನ್ನ ಆಫೀಸ್ ಲ್ಯಾಪ್‌ಟಾಪಿಗೆ ಹಾಕಿದೆ. ಅಡುಗೆಮನೆಯಲ್ಲಿ ಅತ್ತೆಯ ಮೊಬೈಲಿಗೂ ಹಾಕಿ, ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದೆ. ಎಲ್ಲದರ ಕ್ಯಾಮೆರಾ ತೆರೆದಿಟ್ಟೆ, ಎಲ್ಲದರ ಮೈಕು ತೆರೆದಿಟ್ಟೆ. ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲಬೇಕು, ಯುದ್ಧದಲ್ಲಿ ಮೀಸಲು ಪಡೆ ಇದ್ದ ಹಾಗೆ! ಈ ಮೀಸಲು ಪಡೆಯ ಸಂಗತಿ ಹೆಂಡತಿಗೆ ಹೇಳಲಿಲ್ಲ. ಸೇನಾ ರಹಸ್ಯ ಹೇಳಿಕೊಂಡು ತಿರುಗುವಂಥದ್ದಲ್ಲ.

ಅವಳು ಊಟದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಲರ್ ಸರಿಮಾಡಿಕೊಂಡು, ನೀರು ಕುಡಿದು ಕೂತಳು. ತೆರೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದಿತ್ತು. ಸರಿಯಾಗಿಯೇ ಇದ್ದ ಕಾಲರನ್ನು ಅವಳು ಮತ್ತೊಮ್ಮೆ ಸರಿಮಾಡಿಕೊಂಡಳು. ಅದನ್ನು ಕಂಡು ನನಗೆ ಪಾಪ ಅನ್ನಿಸಿತು. ಆಗಲೇ ಆ ದರಿದ್ರ ಯೋಚನೆ ಬಂದದ್ದು: ಎರಡು ಪೆಟ್ಟಿಗೆಯ ನಡುವೆ ಇರುವುದು ಒಂದೇ ತಂತಿ! ಅದು ಸಡಿಲವಾದರೆ?

ಎರಡನೇ ತಂತಿ ಎಳೆದೆ. ಹಾಲ್‌ನ ಪೆಟ್ಟಿಗೆಯಿಂದ ಕೋಣೆಯ ಪೆಟ್ಟಿಗೆಗೆ, ಮೊದಲನೆಯದರ ಪಕ್ಕದಲ್ಲೇ. ಎರಡೂ ಕಡೆ 'ಟಕ್' ಎಂದಿತು.

ಆಮೇಲೆ ತಿಳಿಯಿತು, ಲೋಕದಲ್ಲಿ ಮಾಡಬಾರದ ಕೆಲಸ ಅಂದರೆ ಇದೇ ಅಂತೆ. ಎರಡು ಪೆಟ್ಟಿಗೆಯ ನಡುವೆ ಎರಡು ದಾರಿ ಇದ್ದರೆ, ಈ ಕಡೆಯಿಂದ ಹೋದ ಸುದ್ದಿ ಆ ಕಡೆಯಿಂದ ವಾಪಸ್ ಬರುತ್ತದೆ, ಬಂದದ್ದು ಮತ್ತೆ ಹೋಗುತ್ತದೆ, ಹೀಗೆ ಗಾಣದ ಎತ್ತಿನಂತೆ ಸುತ್ತಿ ಸುತ್ತಿ, ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಇದನ್ನು ಆ ಎಂಜಿನಿಯರ್ ಹೇಳಿದ್ದನೋ ಏನೋ, ನಾನು ಆಗ ಏಣಿ ಬಿಟ್ಟು ಕಾಫಿಗೆ ಹೋಗಿದ್ದೆ.

ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಟುಕಿದವು. "ಆಹಾ, ಏನು ವೇಗ!" ಎಂದೆ ನಾನು.

"ರೀ! ನಿಂತೋಯ್ತು!" ಎಂದಳು ಅವಳು.

"ಏನು?"

"ಎಲ್ಲಾ!"

ಮೇಜಿನ ಲ್ಯಾಪ್‌ಟಾಪ್ ನಿಂತಿತು. ಟಿವಿ ನಿಂತಿತು. ವೈಫೈ ಕೂಡ ಉಸಿರು ಬಿಟ್ಟಿತು. ನನ್ನ ಮೀಸಲು ಪಡೆ ಒಂದು ಗುಂಡೂ ಹಾರಿಸದೆ ಸಾಮೂಹಿಕವಾಗಿ ಮೂರ್ಛೆ ಹೋಗಿತ್ತು.

"ಒಂದೇ ನಿಮಿಷ ಕಣೇ! ರೀಸ್ಟಾರ್ಟ್ ಮಾಡ್ತೀನಿ..."

ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು. ಲ್ಯಾಪ್‌ಟಾಪ್ ಆರಿಸಿ ಮುಚ್ಚಿ, ಮೊಬೈಲ್ ತೆಗೆದುಕೊಂಡು, ಕಾರಿನ ಕೀ ಎತ್ತಿಕೊಂಡು, ದಡದಡ ಮೆಟ್ಟಿಲಿಳಿದು ಹೋದಳು. ಮನೆಮುಂದೆ ನಿಂತಿದ್ದ ಕಾರಿನಲ್ಲಿ ಕೂತು, ಮೊಬೈಲಿನ ಸ್ವಂತ ಇಂಟರ್ನೆಟ್‌ನಿಂದಲೇ ಸಂದರ್ಶನಕ್ಕೆ ಹಾಜರಾದಳು. ಅಂದರೆ, ಮೊದಲಿಂದಲೂ ಅಷ್ಟೇ ಸಾಕಿತ್ತು.

ನಾನು ಸುಮ್ಮನಿದ್ದೆನೇ? ಛೇ! ಮೇಜಿನ ಕೆಳಗೆ ನುಗ್ಗಿ ತಂತಿಗಳ ಜೊತೆ ಮಲ್ಲಯುದ್ಧಕ್ಕಿಳಿದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ಅಳಿಯಂದಿರೇ, ಇನ್ನಾದರೂ ಬಿಡಿ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯ್ತು."

"ಅತ್ತೆ, ಇದೆಲ್ಲ ನಿಮಗೆ ಅರ್ಥ ಆಗಲ್ಲ!"

"ನನ್ನ ಮಗಳ ಕೆಲಸ ಹೋದರೆ ಅರ್ಥ ಆಗುತ್ತೆ!"

ಸಿಟ್ಟಿನಿಂದ ಹಿಂದಕ್ಕೆ ಸರಿದೆ. ಕಾಲು ಎರಡನೇ ತಂತಿಗೆ ಸಿಕ್ಕಿ ಅದು 'ಫಟ್' ಎಂದು ಕಿತ್ತು ಬಂತು. ನಾನು ಬೋರಲು ಬಿದ್ದೆ. ಸುದ್ದಿ ಸುತ್ತುತ್ತಿದ್ದ ಉಂಗುರ ಕಡಿಯಿತು, ಇಂಟರ್ನೆಟ್ ಮರುಜನ್ಮ ಪಡೆಯಿತು, ಮತ್ತು ನನ್ನ ಮೀಸಲು ಪಡೆ ಎಚ್ಚೆತ್ತು, ಕೊಟ್ಟ ಆಜ್ಞೆಯಂತೆ, ಒಂದೊಂದಾಗಿ ಸಂದರ್ಶನದ ಬಾಗಿಲು ತಟ್ಟಿತು! ಆ ಕಡೆ ಬಾಗಿಲು ಕಾಯುತ್ತಿದ್ದ ಪುಣ್ಯಾತ್ಮ, ಎಲ್ಲದರ ಮೇಲೂ ಇವಳದೇ ಹೆಸರು ಕಂಡು, ಬನ್ನಿ ಬನ್ನಿ ಎಂದು ಎಲ್ಲರನ್ನೂ ಒಳಗೆ ಬಿಟ್ಟುಕೊಂಡ.

ಇದ್ಯಾವುದೂ ನನಗೆ ಗೊತ್ತಿಲ್ಲ. ಕಾರಿನೊಳಗೆ ನಡೆದದ್ದು ತಿಳಿದದ್ದೂ ಆಮೇಲೆಯೇ. ಸರಿಯಾಗಿ ಆ ಹೊತ್ತಿಗೆ ಡಾಕ್ಟರಮ್ಮ ಇವಳನ್ನು ಕೇಳಿದ್ದರಂತೆ: "ವಾರ್ಡಿನಲ್ಲಿ ರೋಗಿಯ ಕಡೆಯವರು, ತಮಗೇ ಎಲ್ಲಾ ಗೊತ್ತು ಅಂತ ಮೆಶಿನ್ನಿಗೆ ಕೈ ಹಾಕಿ ಗಲಾಟೆ ಮಾಡಿದರೆ ನೀವೇನು ಮಾಡ್ತೀರಿ?"

ಇವಳು ಬಾಯಿ ತೆರೆಯುವಷ್ಟರಲ್ಲಿ ಸಮಿತಿಯ ತೆರೆಯ ಮೇಲೆ ಹೊಸ ಕಿಟಕಿಗಳು ತೆರೆದುಕೊಂಡವು. ಒಂದರಲ್ಲಿ ಮಡಚದ ಬಟ್ಟೆಗಳ ಬೆಟ್ಟ. ಒಂದರಲ್ಲಿ, ಚೊಂಬಿನಿಂದ ಜಾರಿದ ಮೊಬೈಲನ್ನು ಎತ್ತಿ ನೋಡುತ್ತಿದ್ದ ಅತ್ತೆಯ ಗಲ್ಲ ಮತ್ತು ಮೂಗಿನ ಹೊಳ್ಳೆ. ನಡುವಿನ ಕಿಟಕಿಯಲ್ಲಿ, ಮೈಗೆಲ್ಲ ತಂತಿ ಸುತ್ತಿಕೊಂಡು ಪೆಟ್ಟಿಗೆಯನ್ನು ಬಡಿಯುತ್ತಿದ್ದ ನಾನು. ಒಂದರ ಮೈಕಿನ ದನಿ ಇನ್ನೊಂದಕ್ಕೆ ಹೊಕ್ಕು 'ಕೂಂಯ್ಯ್' ಎಂದು ಊಳಿಡುತ್ತಿತ್ತು. ಆ ಗದ್ದಲದ ನಡುವೆ, ಅತ್ತೆಗೆ ಕೇಳಲೆಂದು, ಗಂಟಲು ಹರಿಯುವಂತೆ ನನ್ನ ಅಮೃತವಾಣಿ:

"ಯಾರೂ ನನಗೆ ಹೇಳಬೇಡಿ! ನರ್ಸುಗಳಿಗೂ ಗೊತ್ತಿಲ್ಲ, ಡಾಕ್ಟರುಗಳಿಗೂ ಗೊತ್ತಿಲ್ಲ! ಈ ಮೆಶಿನ್ ನಾನೇ ಸರಿಮಾಡೋದು!"

ಆಗ ಟಿವಿಯಿಂದ, ಕೋಣೆಯಿಂದ, ಅಡುಗೆಮನೆಯಿಂದ, ಒಂದೇ ಸಲಕ್ಕೆ ಒಂದು ಅಶರೀರವಾಣಿ ಕೇಳಿಸಿತು.

"ಸರ್."

ನನ್ನ ಹೆಂಡತಿಯ ದನಿ! ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಏನೇನೋ ಕರೆದಿದ್ದಾಳೆ, ಸರ್ ಅಂದಿರಲಿಲ್ಲ.

"ಸರ್, ಕೈಯಲ್ಲಿರೋ ತಂತಿ ಕೆಳಗಿಡಿ."

ಇಟ್ಟೆ.

"ನಾನು... ನಾನು ಅವಳ ಒಳ್ಳೇದಕ್ಕೇ ಮಾಡ್ತಿದ್ದೆ..." ಎಂದು ಟಿವಿಗೆ ಹೇಳಿದೆ.

"ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ ಸರ್. ನಿಮ್ಮವರಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾರೆ. ಈಗ ನಿಧಾನವಾಗಿ ಎದ್ದೇಳಿ. ಒಳಗಿರೋ ಲ್ಯಾಪ್‌ಟಾಪ್ ಆರಿಸಿ ಬನ್ನಿ. ಅಮ್ಮಾ, ನೀವು ಆ ಫೋನ್ ಆರಿಸಿ, ಕೂತ್ಕೊಂಡು ಸ್ವಲ್ಪ ನೀರು ಕುಡೀರಿ. ಸರ್, ಕೊನೆಗೆ ಟಿವಿ. ಆಯ್ತಾ? ಅದನ್ನ ಆರಿಸಿದ ಮೇಲೆ ನೀವು ಹೊರಗೆ ಕೂತಿರಿ. ನಾವೇ ಕರೀತೀವಿ."

ಒಂದು ಏರಿಲ್ಲ, ಒಂದು ಇಳಿವಿಲ್ಲ, ಬೆಣ್ಣೆಯಂಥ ದನಿ. ಹೇಳಿದ್ದೆಲ್ಲ ಮಾಡಿ, ನನ್ನದೇ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೈಕಟ್ಟಿ ಕೂತೆ. ಕೂತ ಮೇಲೆಯೇ ನಡೆದದ್ದೇನು ಅನ್ನುವುದು ತಲೆಗೆ ಹೋದದ್ದು. ಅವಳ ರಾತ್ರಿ ಪಾಳಿಗೆ ನಾನೇ ಮುದ್ರೆ ಒತ್ತಿದ್ದೆ! ಪಕ್ಕದ ಮನೆಯವರು "ಏನ್ ಸಾರ್, ಹೊರಗೆ?" ಎಂದರು. "ಗಾಳಿಗೆ," ಎಂದೆ. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಕಾರಿನಿಂದಿಳಿದು ಬಂದ ಹೆಂಡತಿ ನನ್ನನ್ನು ದಾಟಿ ಒಳಗೆ ಹೋದಳು. ಆ ದಿನ ಮಾತಿಲ್ಲ. ಮರುದಿನವೂ ಇಲ್ಲ. ನಾನಾಗಿಯೇ ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ, ತಂತಿಗಳನ್ನೆಲ್ಲ ಸುತ್ತಿ ಅಟ್ಟದ ಮೇಲೆ ಎಸೆದೆ. ಅತ್ತೆ ನನಗೆ ಬಡಿಸುವಾಗ ಸೌಟು ತಟ್ಟೆಗೆ ತಾಗಿದ ಸದ್ದಿನಲ್ಲೇ ಅವರ ಅಭಿಪ್ರಾಯ ತಿಳಿಯುತ್ತಿತ್ತು. "ತಪ್ಪಾಯ್ತು ಕಣೇ," ಎಂದು ಎಷ್ಟೋ ಸಲ ಗೋಡೆಗೆ ಹೇಳಿ ಅಭ್ಯಾಸ ಮಾಡಿದೆ, ಅವಳೆದುರು ನಾಲಿಗೆ ಏಳಲಿಲ್ಲ.

ವಾರ ಕಳೆಯುವ ಹೊತ್ತಿಗೆ ಫೋನ್ ಬಂತು. ಡಾಕ್ಟರಮ್ಮ! ಹೆಂಡತಿಯ ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು, ಮೊಣಕೈಯಲ್ಲೇ ಸ್ಪೀಕರ್ ಒತ್ತಿದಳು. ಅತ್ತೆ ಒಲೆ ಸಣ್ಣದು ಮಾಡಿದರು. ನಾನು ಉಸಿರು ಬಿಗಿಹಿಡಿದು ಬಾಗಿಲಿಗೆ ಒರಗಿದೆ.

"ಅಭಿನಂದನೆ. ಹುದ್ದೆ ನಿಮಗೇ," ಎಂದಿತು ಫೋನು. "ನಿಜ ಹೇಳ್ತೀನಿ, ಆ ಪ್ರಶ್ನೆಗೆ ಬೇರೆಯವರೆಲ್ಲ ಪುಸ್ತಕದ ಉತ್ತರ ಹೇಳಿದರು. ನೀವು ಪ್ರಾತ್ಯಕ್ಷಿಕೆಯನ್ನೇ ಏರ್ಪಾಡು ಮಾಡಿ ತೋರಿಸಿಬಿಟ್ರಿ!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ನನ್ನತ್ತ ತಿರುಗಿ, ವಾರದ ನಂತರ ಮೊದಲ ಸಲ ನಕ್ಕಳು. ನನ್ನ ಎದೆ ಉಬ್ಬಿತು. ನೋಡಿದಿರಾ, ಕೊನೆಗೂ ಕೆಲಸಕ್ಕೆ ಬಂದದ್ದು ಯಾರ ಟೊಪಾಲಜಿ!

"ಇನ್ನೊಂದು ವಿಷಯ," ಎಂದರು ಡಾಕ್ಟರಮ್ಮ. "ಆ ತಲೆಹರಟೆ ಸಂಬಂಧಿಕನ ಪಾತ್ರ ಮಾಡಿದ್ದರಲ್ಲ, ಎಂಥಾ ನಟ ರೀ ಅವರು! ಹೊಸ ನರ್ಸ್‌ಗಳ ತರಬೇತಿಗೆ ಅಂಥವರೇ ಬೇಕು ನಮಗೆ. ಕಳಿಸಿಕೊಡ್ತೀರಾ?"

ನಾನು ಎರಡೂ ಕೈ ಬೀಸಿ, ಬೇಡ ಬೇಡ ಎಂದು ಸನ್ನೆ ಮಾಡಿದೆ.

"ಖಂಡಿತ ಬರ್ತಾರೆ ಮೇಡಂ," ಎಂದಳು ನನ್ನ ಧರ್ಮಪತ್ನಿ.

"ಅಭ್ಯಾಸಕ್ಕೆ ಅವರಿಗೆ ಎಷ್ಟು ಹೊತ್ತು ಬೇಕಾಗುತ್ತೆ?"

"ಅಭ್ಯಾಸ ಏನೂ ಬೇಡ ಮೇಡಂ. ಅವರ ಮುಂದೆ ಒಂದು ಮೆಶಿನ್ ಇಟ್ಟು, 'ಮುಟ್ಟಬೇಡಿ' ಅಂತ ಹೇಳಿ ಹೊರಗೆ ಬನ್ನಿ. ಅಷ್ಟೇ ಸಾಕು."