ಹಸಿರು ಸೀರೆ ಮತ್ತು ಮನೆತನದ ಅಕೌಂಟು

ಆಹೇರದ, ಎಂದರೆ ಉಡುಗೊರೆಯ, ಸೀರೆಯನ್ನು ಉಡುವುದಕ್ಕಾಗಿ ಕೊಡುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ, ಅವರು ನಮ್ಮ ಕಡೆಯ ಒಂದು ಕಾರ್ಯವನ್ನೂ ನೋಡಿಲ್ಲ ಎಂದೇ ಅರ್ಥ. ಮದುವೆ, ಕುಬಸ, ತೊಟ್ಟಿಲು, ಮನೆಶಾಂತಿ, ಯಾವುದೇ ಇರಲಿ, ಬಂದವರು ಕುಂಕುಮ ಹಚ್ಚಿ ಕೈಗೊಂದು ಸೀರೆ ಇಡುತ್ತಾರೆ. ನಾವು ಅದನ್ನು ಕಣ್ಣಿಗೆ ಒತ್ತಿಕೊಂಡು, "ಇದೆಲ್ಲಾ ಯಾಕ ತರಾಕ ಹೋದ್ರಿ" ಎಂದು ಸುಳ್ಳೇ ಗದರಿಸಿ ಕಪಾಟಿಗೆ ಸೇರಿಸುತ್ತೇವೆ. ಮುಂದಿನ ಕಾರ್ಯ ಬಂದಾಗ ಅದೇ ಸೀರೆ ಮಡಿಕೆ ಬಿಚ್ಚದೆ ಬಸ್ಸು ಹತ್ತಿ ಇನ್ನೊಂದು ಊರಿಗೆ ಹೊರಡುತ್ತದೆ. ನಾನು ನೋಡದ ಎಷ್ಟೋ ಊರುಗಳನ್ನು ನನ್ನ ಕಪಾಟಿನ ಸೀರೆಗಳು ನೋಡಿಕೊಂಡು ಬಂದಿವೆ. ಇದರಲ್ಲಿ ಮೋಸವೇನಿಲ್ಲ, ಎಲ್ಲರೂ ಮಾಡುವುದೇ. ಒಂದೇ ಒಂದು ಕಟ್ಟಳೆ: ಕೊಟ್ಟವರ ಸೀರೆ ಕೊಟ್ಟವರಿಗೇ ತಿರುಗಿ ಹೋಗಬಾರದು. ಹೋಯಿತೋ, ನಿಮ್ಮ ಮೊಮ್ಮಕ್ಕಳ ಮದುವೆಯಲ್ಲೂ ಆ ಮಾತು ಎತ್ತುತ್ತಾರೆ.

ಈ ಕಂಟಕದಿಂದ ಪಾರಾಗಲು ನಾನೊಂದು ದಿವ್ಯ ಉಪಾಯ ಕಂಡುಹಿಡಿದಿದ್ದೆ. (ಸರಕಾರ ಇನ್ನೂ ಪ್ರಶಸ್ತಿ ಕೊಟ್ಟಿಲ್ಲ, ನಾನೂ ಅರ್ಜಿ ಹಾಕಿಲ್ಲ.) ಯಾರಾದರೂ ಸೀರೆ ಕೊಟ್ಟ ಕೂಡಲೇ ಫೋನು ತೆಗೆದು, "ಅಕ್ಕಾರ, ಜರಾ ಸೀರಿ ಹಿಡ್ಕೊಂಡು ನಿಂದರ್ರಿ, ನೆನಪಿಗೆ ಒಂದು ಫೋಟೋ" ಎನ್ನುತ್ತಿದ್ದೆ. ಅವರು ಉಬ್ಬಿಹೋಗಿ ಸೆರಗು ಸರಿ ಮಾಡಿಕೊಂಡು ನಗುತ್ತಿದ್ದರು. ಆ ಸೀರೆಯನ್ನು ಮುಂದೆ ಇನ್ನೊಬ್ಬರಿಗೆ ದಾಟಿಸುವಾಗ ಅವರದ್ದೂ ಒಂದು ಫೋಟೋ. ಯಾರಿಂದ ಬಂತು, ಯಾರಿಗೆ ಹೋಯಿತು ಎಂಬುದಕ್ಕೆ ನಗುನಗುತ್ತಿರುವ ಸಾಕ್ಷಿಗಳು ನನ್ನ ಫೋನಿನಲ್ಲಿ. ಬಸವಕಲ್ಯಾಣದಲ್ಲಿ ಈ ಶಕುಂತಲಾಬಾಯಿಯ ಆಹೇರ ತಪ್ಪಿತು ಎಂದು ಯಾರೂ ಹೇಳುವಂತಿರಲಿಲ್ಲ.

ಹೀಗಿರುವಾಗ ಹುಮನಾಬಾದಿನ ನನ್ನ ನಾದಿನಿ ಜಗದೇವಿಯ ಮಗಳು ಸ್ನೇಹಲ್‌ಳ ಕುಬಸ ಬಂತು. ಬಸುರಿ ಹುಡುಗಿಗೆ ಹಸಿರು ಸೀರೆಯೇ ಆಗಬೇಕು. ಹಿಂದಿನ ದಿನ ಮಧ್ಯಾಹ್ನ ಕಪಾಟು ತೆಗೆದರೆ ಮೂರು ಹಸಿರು ಸೀರೆಗಳು ಕುಳಿತಿವೆ. ಮೂರರಲ್ಲಿ ಒಂದನ್ನು, ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ಬೆಳ್ಳಿಲಗ್ನದಲ್ಲಿ ಜಗದೇವಿಯೇ ಕೊಟ್ಟಿದ್ದಳು. ಯಾವುದು? ಅದೇ ನೆನಪಿಲ್ಲ. ಫೋನು ತೆಗೆದೆ. ಫೋಟೋಗಳೆಲ್ಲ ಮಸುಕು ಮಸುಕು, ಯಾರೋ ಹಸಿ ಬಟ್ಟೆಯಿಂದ ಒರೆಸಿದ ಹಾಗೆ. ಸೀರೆ ಕಾಣುತ್ತದೆ, ಅಂಚು ಕಾಣುವುದಿಲ್ಲ. ಅಂಚು ಕಾಣದ ಹಸಿರು ಸೀರೆ ಎಲ್ಲರದ್ದೂ ಒಂದೇ.

ಪತಿದೇವರು ಊಟ ಮಾಡಿ ಕುಳಿತಿದ್ದರು. ನಮ್ಮ ಮನೆಯವರು, ಮಹಾರುದ್ರಪ್ಪನವರು, ಬಸ್‌ಸ್ಟ್ಯಾಂಡಿನ ಹತ್ತಿರ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟಿದ್ದಾರೆ. ಪೈಪಿನ ವ್ಯಾಪಾರ ಮಾಡಿ ಮಾಡಿ, ಲೋಕದಲ್ಲಿ ಹರಿಯುವ ಯಾವುದು ನಿಂತರೂ ಅದನ್ನು ತಾವೇ ಹರಿಸಬಲ್ಲೆ ಎಂಬ ಧೈರ್ಯ ಅವರಿಗೆ ಬಂದಿದೆ.

"ಏನ್ರಿ, ಫೋನಿನ್ಯಾಗ ಫೋಟೋ ಎಲ್ಲಾ ಮಬ್ಬ ಕಾಣಾಕತ್ತಾವ."

"ಕಾಣಲಾರದೆ ಏನ್ಮಾಡ್ತಾವ? ಅವು ಈಗ ಇಲ್ಲಿಲ್ಲ. ಮ್ಯಾಲ ಹೋಗ್ಯಾವ."

"ಮ್ಯಾಲ ಎಲ್ಲಿ? ಮಾಳಗಿಗೇನು?"

"ಕ್ಲೌಡಿಗೆ. ಜಾಗ ಇಲ್ಲ, ಮ್ಯಾಲ ಕಳಿಸ್ಲೇನು ಅಂತ ಫೋನ್ ಕೇಳಿರ್ತದ. ನೀ ಓದಲಾರದೆ ಹೂಂ ಅಂತ ಒತ್ತಿರ್ತಿ."

ಒತ್ತಿದ್ದು ನಿಜ. ಆದರೆ ಅದನ್ನು ಅವರ ಮುಂದೆ ಒಪ್ಪಿಕೊಳ್ಳುವ ಅವಸರವೇನೂ ನನಗಿರಲಿಲ್ಲ.

"ಒಂದು ಹೊಸಾ ಸೀರಿ ತಗೊಂಡು ಬಿಡು, ಮುಗೀತು," ಎಂದರು.

"ಕಪಾಟಿನ್ಯಾಗ ಮೂರು ಇಟ್ಟಕೊಂಡು ನಾಲ್ಕನೇದು ತರಾಕ ನನಗೇನು ತೆಲಿ ಕೆಟ್ಟದೇನ್ರಿ? ನಿಮ್ಮ ತಂಗಿ ಸೀರಿ ನಿಮ್ಮ ತಂಗಿ ಮನಿಗೇ ಹೋತಂದ್ರ ನಾಳಿ ನಿಮ್ಮ ಮಾರಿ ಎಲ್ಲಿ ಇಡ್ತೀರಿ?"

ತಮ್ಮ ಮುಖದ ಮಾತು ಬಂದ ಕೂಡಲೇ ಅವರು ಎದ್ದರು. ಅಂಗಡಿಯ ಲೆಕ್ಕಕ್ಕೆಂದು ತಂದ ಕಂಪ್ಯೂಟರು ನಮ್ಮ ಪಡಸಾಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತದೆ. ಬಟ್ಟೆ ತೆಗೆದು, ಕೈಮುಗಿದು, ಚಾಲೂ ಮಾಡಿದರು. "ದೊಡ್ಡ ಪರದಾದ ಮ್ಯಾಲ ಅಂಚೇನು, ನೂಲು ಎಣಿಸಬಹುದು," ಎಂದು ಅಭಯ ಕೊಟ್ಟರು. ಫೋಟೋದ ಜಾಗ ತೆರೆದರೆ ಅಲ್ಲಿ ನಲ್ಲಿಗಳ ಫೋಟೋ, ಪೈಪಿನ ಫೋಟೋ, ಸೋರುತ್ತಿರುವ ಯಾರದೋ ಬಚ್ಚಲಿನ ಫೋಟೋ. ನನ್ನ ಹೆಂಗಸರು ಒಬ್ಬರೂ ಇಲ್ಲ. ಮೂಲೆಯಲ್ಲೊಂದು ಸಣ್ಣ ಚಕ್ರ ತಿರುಗುತ್ತಾ "ಸಿಂಕ್ ನಿಂತಿದೆ" ಎಂದು ತೋರಿಸುತ್ತಿತ್ತು.

"ಎಲ್ಲೋ ಕಟ್ಟಿಕೊಂಡದ," ಎಂದು ರೋಗ ನಿದಾನ ಮಾಡಿದರು. ಮೊದಲ ಚಿಕಿತ್ಸೆ, ಬಂದ್ ಮಾಡಿ ಚಾಲೂ ಮಾಡುವುದು. ಮಾಡಿದರು. ಚಕ್ರ ತಿರುಗಿತು. ಎರಡನೆಯದು, ನೆಟ್ಟಿನ ಡಬ್ಬಿಯನ್ನು ಕಿತ್ತು ಊದಿ ಮತ್ತೆ ಹಚ್ಚುವುದು. ಅದನ್ನೂ ಮಾಡಿದರು. ಚಕ್ರ ಇನ್ನಷ್ಟು ಹುರುಪಿನಿಂದ ತಿರುಗಿತು. ನಾನು ಪಕ್ಕದಲ್ಲಿ ಮೂರು ಸೀರೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಆಸ್ಪತ್ರೆಯ ಬಾಗಿಲಲ್ಲಿ ಕುಳಿತವಳಂತೆ ಕುಳಿತಿದ್ದೆ.

ನನ್ನ ಕಣ್ಣು ಪರದೆಯ ಮೂಲೆಯ ತಾರೀಖಿಗೆ ಹೋಯಿತು.

"ಏನ್ರಿ, ಇದು ಯಾವ ವರ್ಷ ತೋರಿಸಾಕತ್ತದ? ಇದಕ್ಕ ಇನ್ನಾ ಲಾಕ್‌ಡೌನೂ ಆಗಿಲ್ಲಲ್ಲ!"

ನೋಡಿದರು. ಒಳಗಿನ ಸೆಲ್ಲು ಸತ್ತು ಗಡಿಯಾರ ಹಿಂದೆ ಹೋಗಿ ಕುಳಿತಿತ್ತು. "ಅದನ್ನ ನಾ ಈಗ ಹೇಳಾಂವ ಇದ್ದೆ," ಎಂದು ಸರಿಪಡಿಸಿದರು. (ಮೂವತ್ತು ವರ್ಷದಿಂದ ನಾನು ಹೇಳಿದ್ದನ್ನೆಲ್ಲ ಅವರು ಆಗಷ್ಟೇ ಹೇಳುವವರಿರುತ್ತಾರೆ.) ತಾರೀಖು ಸರಿಯಾದ ಕೂಡಲೇ ಚಕ್ರ ನಿಂತಿತು. ಹೊಸ ಫೋಟೋಗಳು ಪುಳುಪುಳು ಇಳಿಯತೊಡಗಿದವು. ನಾನು ಮುಂದೆ ಬಾಗಿದೆ. ಇನ್ನಷ್ಟು ನಲ್ಲಿ, ಇನ್ನಷ್ಟು ಪೈಪು, ಜಗದೇವಿಯ ಮನೆಯ ಎಮ್ಮೆ, ಸ್ನೇಹಲ್ ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ತೆಗೆದುಕೊಂಡದ್ದು.

"ಜಗದೇವಿ ಎಮ್ಮಿ ಇಲ್ಲಿ ಯಾಕ ಬಂತ್ರಿ?"

ಆಗ ಅವರ ಎದೆ ಎರಡು ಬೆರಳು ಉಬ್ಬಿತು. ಇದರ ಹಿಂದೊಂದು ಇತಿಹಾಸವಿದೆ. ಮನೆಗೆ ಮೊದಲ ದೊಡ್ಡ ಫೋನು ಬಂದಾಗ ಇವರು ಮನೆತನದ ಹೆಸರಿನಲ್ಲಿ ಒಂದು ಅಕೌಂಟು ತೆಗೆದು, ತಮ್ಮ ಫೋನಿಗೂ ಅಂಗಡಿಗೂ ತಂಗಿಯ ಫೋನಿಗೂ ಅದನ್ನೇ ಹಾಕಿಕೊಟ್ಟಿದ್ದರು. ಹೊಲ ಒಡೆಯಿತು, ಮನೆ ಒಡೆಯಿತು, ಅಕೌಂಟಾದರೂ ಒಂದೇ ಇರಲಿ ಎಂಬುದು ಅವರ ಸಿದ್ಧಾಂತ. ನನ್ನದೊಂದು ಮಾತ್ರ ಫೋನ್ ಅಂಗಡಿಯವನು ಬೇರೆ ಮಾಡಿಕೊಟ್ಟಿದ್ದ.

"ಸಿಕ್ತು ನೋಡು ಕಾರಣ!" ಎಂದು ತೊಡೆ ತಟ್ಟಿದರು. "ನೀ ಒಬ್ಬಾಕಿ ಬ್ಯಾರೆ ಆಗಿ ಕುಂತಿ. ಒಂದು ಮನ್ಯಾಗ ಎರಡು ಒಲಿ ಹೂಡಿದ್ರ ಅಡಗಿ ಹ್ಯಾಂಗ ಕೂಡ್ತದ?"

"ಹಂಗಾದ್ರ ಕಂಪ್ಯೂಟರಿನ್ಯಾಗ ನಂದು ಅಕೌಂಟ್ ಹಾಕ್ರಿ."

"ಮನಿತನದ ಅಕೌಂಟ್ ತೆಗೀಬೇಕಾಗ್ತದ. ಅದು ಆಗೂದಿಲ್ಲ. ನಮ್ಮಪ್ಪ ಇದ್ದಿದ್ರ ಏನಂತಿದ್ದಾ?" (ಮಾವನವರು ಜೀವಮಾನದಲ್ಲಿ ಫೋನು ಮುಟ್ಟಿದವರಲ್ಲ.) "ನಿನ್ನ ಫೋಟೋ ಮನಿತನಕ್ಕ ಕೂಡಿಸಿಬಿಡೂಣು. ತಾ ಫೋನ್."

ಏನೇನೋ ಒತ್ತಿದರು. ಕೊನೆಗೆ ಫೋನು ಒಂದು ಪ್ರಶ್ನೆ ಕೇಳಿತು: ನಿಮ್ಮ ಎಲ್ಲ ಫೋಟೋಗಳನ್ನು ಈ ಅಕೌಂಟಿನೊಂದಿಗೆ ಹಂಚಿಕೊಳ್ಳಬೇಕೇ? ಅವರು ಫೋನನ್ನು ನನ್ನ ಕಡೆ ತಿರುಗಿಸಿ, "ನಿಂದು ಆಸ್ತಿ, ನೀನೇ ಒತ್ತು. ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ," ಎಂದರು. ನಾನು ಹೂಂ ಎಂದು ಒತ್ತಿದೆ. ಅವಸರದಲ್ಲಿದ್ದೆ; ಓದಿದೆ, ಆದರೆ ಮಸುಕಾದ ಅಂಚಿನಾಚೆ ನನ್ನ ತಲೆ ಓಡಲಿಲ್ಲ.

ಚಹಾ ಮಾಡಿಕೊಂಡು ಬರುವಷ್ಟರಲ್ಲಿ ನನ್ನ ಹೆಂಗಸರೆಲ್ಲ ದೊಡ್ಡ ಪರದೆಯ ಮೇಲೆ ಬಂದು ನಿಂತಿದ್ದರು. ಎಷ್ಟು ಚೆಂದ! ಒಬ್ಬೊಬ್ಬರ ಮುಖದ ಮೇಲೂ ಕೊಟ್ಟ ಕೈಯ ಸಂತೋಷ. ಸೀರೆಗಳನ್ನು ಪರದೆಯ ಪಕ್ಕಕ್ಕೆ ಹಿಡಿದು ಹಿಡಿದು ನೋಡಿದೆ. ಮಾವಿನಕಾಯಿ ಅಂಚಿನದು ಜಗದೇವಿಯದು. ಸಾದಾ ಅಂಚಿನದು ಸ್ನೇಹಲ್‌ಳ ಅತ್ತೆಮನೆಯವರದು, ಮುಡಬಿಯ ಬೀಗರದು. ಅವರು ಕುಬಸಕ್ಕೆ ಬಂದೇ ಬರುತ್ತಾರೆ. ನವಿಲಿನ ಅಂಚಿನದು ಚಿಟಗುಪ್ಪದ ಕೇಶರಬಾಯಿಯದು. ಕೇಶರಬಾಯಿ ನಮ್ಮ ಮನೆಯವರ ಸೋದರತ್ತೆ. ಅವರಿಗೆ ಮೊಣಕಾಲು ನೋವು, ಬಸ್ಸು ಹತ್ತುವುದಿಲ್ಲ. ಕಣ್ಣಿಗೆ ಪೊರೆ, ಹತ್ತಿದರೂ ಸೀರೆಯ ಗುರುತು ಸಿಗುವುದಿಲ್ಲ. ಇದಕ್ಕಿಂತ ನಿರಪಾಯದ ಸೀರೆ ಭೂಮಿಯ ಮೇಲಿರಲಿಲ್ಲ. ಆ ಸಂತೋಷಕ್ಕೆ ಅಂದು ಸಂಜೆ ಪತಿದೇವರು ಕೇಳದೆಯೇ ಅವರಿಗೆ ಭಜಿ ಕರಿದು ಹಾಕಿದೆ.

ಮರುದಿನ ಹುಮನಾಬಾದಿಗೆ ಹೋದೆವು. ಜಗದೇವಿಯ ಪಡಸಾಲೆಯ ತುಂಬ ಹೆಂಗಸರು. ಸಾಮಾನ್ಯವಾಗಿ ಕುಬಸದ ಮನೆಯ ಗದ್ದಲ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ನಾನು ಒಳಗೆ ಕಾಲಿಟ್ಟಾಗ ಸೂಜಿ ಬಿದ್ದರೆ ಕೇಳುವಂತಿತ್ತು. ಎಲ್ಲರೂ ಜಾತ್ರೆಯಲ್ಲಿ ನಾಟಕ ನೋಡುವವರಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ನನ್ನನ್ನು ನೋಡಿ ಬಹಳ ಪ್ರೀತಿಯಿಂದ ಜಾಗ ಬಿಟ್ಟುಕೊಟ್ಟರು. ಮುಂದಿನ ಸಾಲಿನಲ್ಲಿ ಕೇಶರಬಾಯಿ ಕುರ್ಚಿಯ ಮೇಲೆ! ಮೊಮ್ಮಗ ಕಾರಿನಲ್ಲಿ ಕರೆತಂದಿದ್ದನಂತೆ.

ಬಂದದ್ದು ಬರಲಿ, ಕಣ್ಣಿಗೆ ಪೊರೆ ಇದೆಯಲ್ಲ ಎಂದುಕೊಂಡು ಸ್ನೇಹಲ್‌ಳಿಗೆ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿ, ನವಿಲಿನ ಅಂಚಿನ ಸೀರೆಯನ್ನು ಉಡಿಯಲ್ಲಿಟ್ಟೆ.

"ಶಕುಂತಲಾ," ಎಂದರು ಕೇಶರಬಾಯಿ ನಿಧಾನವಾಗಿ. "ಅಲ್ಲಿ ನಾ ಕೊಡಾಕತ್ತೇನಿ, ಇಲ್ಲಿ ನೀ ಕೊಡಾಕತ್ತಿ. ಸೀರಿ ಎರಡದಾವೋ, ಒಂದೇ ಅದನೋ?"

ತಿರುಗಿ ನೋಡಿದೆ. ಗೋಡೆಯ ಮೇಲೆ ಜಗದೇವಿಯ ಹೊಸ ಟಿವಿ, ಅರ್ಧ ಗೋಡೆಯಷ್ಟು ದೊಡ್ಡದು. ಅದರಲ್ಲಿ ಕೇಶರಬಾಯಿ ಆಳೆತ್ತರಕ್ಕೆ ನಿಂತು, ನವಿಲಿನ ಅಂಚಿನ ಸೀರೆ ಹಿಡಿದು ನಗುತ್ತಿದ್ದರು. ಪೊರೆ ಬಂದ ಕಣ್ಣಿಗಷ್ಟೇ ಅಲ್ಲ, ಕಣ್ಣೇ ಇಲ್ಲದವರಿಗೂ ಕಾಣುವಂತಿತ್ತು. ಆ ಫೋಟೋ ಸರಿದು ಮುಂದಿನದು ಬಂತು: ಮುಡಬಿಯ ಬೀಗಿತ್ತಿ, ಕೈಯಲ್ಲಿ ನೇರಳೆ ಸೀರೆ. ಅದರ ಮುಂದಿನದು: ಅದೇ ನೇರಳೆ ಸೀರೆ, ಕೈ ಮಾತ್ರ ಜಗದೇವಿಯ ವಾರಗಿತ್ತಿಯದು. ಇಬ್ಬರೂ ಅಲ್ಲೇ ಅಕ್ಕಪಕ್ಕ ಕುಳಿತಿದ್ದರು.

"ಏನು ಕಾರ್ಯಕ್ರಮ ಇಲ್ಲದಾಗ ಟಿವಿ ತಾನೇ ಫೋಟೋ ತೋರಸ್ತದ, ವೈನಿ," ಎಂದಳು ಜಗದೇವಿ, ಬೆಣ್ಣೆಯಂಥ ದನಿಯಲ್ಲಿ. "ಮನಿತನದ ಅಕೌಂಟಿನವು. ದಿನಾ ಬರೇ ಅಣ್ಣನ ಪೈಪ್ ಬರ್ತಿದ್ವು. ನಿನ್ನಿ ಸಂಜಿಯಿಂದ ಭಾಳ ಛಲೋ ಬರಾಕತ್ತಾವ. ನಾವು ಯಾರೂ ಧಾರಾವಾಹೀನೇ ಹಚ್ಚಿಲ್ಲ ನೋಡ್ರಿ."

ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಬಾಗಿಲಲ್ಲಿ ಗಂಡಸರ ನಡುವೆ ನಿಂತಿದ್ದ ನಮ್ಮ ಮನೆಯವರನ್ನು ನೋಡಿದೆ, ಏನಾದರೂ ಮಾತಾಡಿ ಕಾಪಾಡಲಿ ಎಂದು. ಅವರು ಟಿವಿ ನೋಡುತ್ತಾ ಅರಳಿ ನಿಂತಿದ್ದರು.

"ಬರೋಬ್ಬರಿ ಸಿಂಕ್ ಆಗ್ಯದ!" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. "ನಾನೇ ಮಾಡೇನಿ."

ಒಬ್ಬರು ಮೊದಲು ನಕ್ಕರು, ಆಮೇಲೆ ಪಡಸಾಲೆಯೇ ನಕ್ಕಿತು. ಯಾರೂ ಜಗಳ ತೆಗೆಯಲಿಲ್ಲ. ಹೇಗೆ ತೆಗೆದಾರು? ಎಲ್ಲರ ಕಪಾಟಿನ ಕಥೆಯೂ ಅದೇ. ಫೋಟೋ ಇಟ್ಟುಕೊಂಡ ಜಾಣೆ ನಾನೊಬ್ಬಳೇ. ಕೇಶರಬಾಯಿ ನನ್ನ ಗಲ್ಲ ತಟ್ಟಿ ಹೋಳಿಗೆ ತಿನ್ನಿಸಿದರು. ಹಾಗಾಗಿ ಮುಗಿಯಿತೆಂದೇ ನಾನೂ ತಿಳಿದೆ. ಊರಿಗೆ ಬಂದು, "ಆ ಹಂಚಿದ್ದು ಮೊದಲು ತೆಗೀರಿ," ಎಂದರೆ ನಮ್ಮವರು, "ಚಾಲೂ ಇದ್ದದ್ದು ಮುಟ್ಟಬಾರದು. ನಲ್ಲಿ ಇರಲಿ, ನೆಟ್ ಇರಲಿ," ಎಂದು ಕಂಪ್ಯೂಟರಿಗೆ ಮತ್ತೆ ಕಸೂತಿ ಬಟ್ಟೆ ಹೊದಿಸಿದರು.

ದೀಪಾವಳಿ ಮುಗಿದ ಮೇಲೆ ನಾವು ಹೊಸದಾಗಿ ಕಟ್ಟಿಸಿದ ಮೇಲಿನ ಮನೆಯ ಶಾಂತಿ ಆಯಿತು. ಹುಮನಾಬಾದಿನಿಂದ, ಚಿಟಗುಪ್ಪದಿಂದ, ಮುಡಬಿಯಿಂದ ಎಲ್ಲರೂ ಬಂದರು. ನಾನು ಕಪಾಟಿನಲ್ಲಿ ಒಂದು ಅರೆಯನ್ನೇ ಖಾಲಿ ಮಾಡಿಟ್ಟಿದ್ದೆ. ಒಂದು ಸೀರೆಯೂ ಬರಲಿಲ್ಲ. ಬಂದದ್ದೆಲ್ಲ ಸ್ಟೀಲು: ತಂಬಿಗೆ, ಡಬ್ಬಿ, ಪರಾತ, ವಾಟಿ. ಒಂದೊಂದರ ಮೇಲೂ ಮಷೀನಿನಿಂದ ಆಳವಾಗಿ ಕೊರೆಸಿದ ಅಕ್ಷರ: "ಶಕುಂತಲಾಬಾಯಿಗೆ", ಕೆಳಗೆ ಕೊಟ್ಟವರ ಹೆಸರು, ಊರು, ತಾರೀಖು. ಕೇಶರಬಾಯಿ ಎರಡು ಕೈಯಲ್ಲಿ ಎತ್ತಲಾರದ ಒಂದು ಕೊಳಗ ತಂದಿದ್ದರು. ಅದರ ಮುಚ್ಚಳದ ಮೇಲೂ ಹೆಸರು, ಹೊಟ್ಟೆಯ ಮೇಲೂ ಹೆಸರು, ಒಳಗೆ ತಳದಲ್ಲೂ ಹೆಸರು.

"ಒಳಗ ಯಾಕ ಬರೆಸಿದ್ರಿ, ಅತ್ತೀ?" ಎಂದೆ, ಅಳುವುದೋ ನಗುವುದೋ ತಿಳಿಯದೆ.

"ನಿನ್ನ ಬುದ್ಧಿ ದೊಡ್ಡದದ, ಶಕುಂತಲಾ. ಮುಚ್ಚಳ ಬದಲ ಮಾಡಿ, ಹೊರಗಿಂದು ತಿಕ್ಕಿಸಿ ಕೊಟ್ಟಿ ಅಂದ್ರ?"

ಒಂದೂ ಯಾರಿಗೂ ದಾಟಿಸುವಂಥದ್ದಲ್ಲ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಈಚೆಗೆ ಸ್ನೇಹಲ್‌ಳ ಕೂಸಿನ ತೊಟ್ಟಿಲಾಯಿತು. ಹೋದ ಮಾನ ತಿರುಗಿ ತರಬೇಕೆಂದು ಪೇಟೆಗೆ ಹೋಗಿ, ಅರ್ಧ ದಿನ ಆರಿಸಿ, ಅಂಗಡಿಯ ಚೀಟಿಯನ್ನೂ ಕೀಳದೆ, ಹೊಚ್ಚ ಹೊಸ ಗುಲಾಬಿ ಸೀರೆಯೊಂದನ್ನು ತೆಗೆದುಕೊಂಡು ಹೋದೆ. "ಹೊಸಾದದವ್ವಾ, ನಿನ್ನ ಸಲುವಾಗೇ ತಂದೇನಿ," ಎಂದು ಉಡಿಯಲ್ಲಿಟ್ಟೆ. "ಭಾಳ ಛಂದ ಅದ ಅತ್ತೀ," ಎಂದು ಸ್ನೇಹಲ್ ಕಾಲಿಗೆ ನಮಸ್ಕಾರ ಮಾಡಿದಳು. ಸುತ್ತ ಕುಳಿತ ಹೆಂಗಸರು ಸೀರೆಯನ್ನೊಮ್ಮೆ ನೋಡಿ ಗೋಡೆಯ ಕಡೆ ತಿರುಗಿ ಕುಳಿತರು. ಜಗದೇವಿ ಮೆಲ್ಲಗೆ ಎದ್ದು ಹೋಗಿ ಟಿವಿ ಹಚ್ಚಿದಳು.